ಪಡಸಾಲೆಯ ಮಾಲ್ಡೀವ್ಸ್

ಶಾಲು ಹೊದಿಸಿಕೊಂಡ ಮನುಷ್ಯ ಆಮೇಲೆ ಊರಿನಲ್ಲಿ ಕಾಣಿಸಿಕೊಳ್ಳಬಾರದು. ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲವಾದರೂ ಇದು ಹಳಿಯಾಳದ ಸಮಸ್ತ ನಾಗರಿಕರಿಗೆ ಕಂಠಸ್ಥವಾಗಿರುವ ನಿಯಮ. ನಮ್ಮ ಹೈಸ್ಕೂಲಿನವರು ನನಗೆ ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿಯಿಟ್ಟು, ಹೆಡ್‌ಮಾಸ್ತರರು ನನ್ನ ಗುಣಗಳನ್ನು ಭೂತಕಾಲದಲ್ಲಿ ವರ್ಣಿಸಿ, ಹುಡುಗಿಯರು ಅತ್ತು, ನಾನೂ ಮರ್ಯಾದೆಗೆಂದು ಕಣ್ಣೊರೆಸಿಕೊಂಡ ಮೂರನೆಯ ದಿನ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತಿದ್ದೆ. ಕಾಯಿಪಲ್ಲೆ ಮಾರುವ ಕಲ್ಲವ್ವ ತಕ್ಕಡಿಯನ್ನು ಗಾಳಿಯಲ್ಲೇ ಹಿಡಿದು, "ಮಾಸ್ತರ, ಇನ್ನೂ ಹೋಗಿಲ್ಲೇನ್ರಿ?" ಎಂದಳು. ಅವಳ ದನಿಯಲ್ಲಿ ಕುತೂಹಲಕ್ಕಿಂತ ಆಕ್ಷೇಪಣೆಯೇ ಹೆಚ್ಚಿತ್ತು.

ಹೋಗಬೇಕಾಗಿದ್ದದ್ದು ಮಾಲ್ಡೀವ್ಸಿಗೆ, ಅಲ್ಲಿಯ ಯಾವುದೋ ಪುಟ್ಟ ದ್ವೀಪದ ಶಾಲೆಯಲ್ಲಿ ಒಂದು ವರ್ಷದ ಮಟ್ಟಿಗೆ ಗಣಿತ ಕಲಿಸುವುದಕ್ಕೆ. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿಯೂ ಹುಬ್ಬಳ್ಳಿಯ ಆಚೆಗೆ ಕಾಲಿಡದ ನಾನು, ತೊಂಬತ್ತರ ದಶಕ ಮುಗಿಯುತ್ತ ಬಂದ ಒಂದು ದಿನ, ಸಹೋದ್ಯೋಗಿಗಳು ಕೆಣಕಿದರೆಂಬ ಒಂದೇ ಕಾರಣಕ್ಕೆ, ಪತ್ರಿಕೆಯ ಮೂಲೆಯ ಜಾಹೀರಾತೊಂದಕ್ಕೆ ಅರ್ಜಿ ಹಾಕಿದ್ದೆ. ಅರ್ಜಿ ಹಾಕುವುದು ನನ್ನ ಹಳೆಯ ಚಟ. ಅದು ಸ್ವೀಕೃತವಾಗುವುದು ಮಾತ್ರ ಹೊಸ ಅನುಭವ. ನೇಮಕದ ಪತ್ರ ಬಂತು, ರಜೆ ಮಂಜೂರಾಯಿತು, ನನ್ನ ಜಾಗಕ್ಕೆ ಬಂದ ಬದಲಿ ಮಾಸ್ತರ ಸೀಮೆಸುಣ್ಣದ ಖಡು ಹಿಡಿದು ಬೋರ್ಡಿನ ಮುಂದೆ ನಿಂತೂಬಿಟ್ಟ. ಆ ದೇಶದೊಳಗೆ ಕಾಲಿಡುವ ಪರವಾನಗಿ ಮಾತ್ರ ಬರಲಿಲ್ಲ. ಜಾಹೀರಾತು ಕೊಟ್ಟಿದ್ದ ಏಜೆಂಟರು ಪ್ರತಿಸಲವೂ ಫೋನಿನಲ್ಲಿ "ಮುಂದಿನ ವಾರ" ಎನ್ನುತ್ತಿದ್ದರು. ಮುಂದಿನ ವಾರವೆಂಬುದು ಎಷ್ಟು ವಾರಗಳಿಗೊಮ್ಮೆ ಬರುತ್ತದೆಂಬ ಲೆಕ್ಕ ಗಣಿತದ ಮಾಸ್ತರನಾದ ನನಗೂ ಬಿಡಿಸಲಾಗಲಿಲ್ಲ.

ದೂರ ಹೊರಟವನನ್ನು ಕರೆದು ಉಣಿಸುವುದು ನಮ್ಮ ಕಡೆಯ ಪದ್ಧತಿ. ಚಿಗಳ್ಳಿಯ ಸೋದರಮಾವನ ಮನೆಯಲ್ಲಿ ಮೊದಲ ಸಲ ಹೋಳಿಗೆಯ ಊಟ. ಪ್ರಯಾಣ ಮುಂದಕ್ಕೆ ಹೋಗಿ ಎರಡನೆಯ ಸಲ ಹೇಳಿ ಬರಲು ಹೋದಾಗ ಜುಣಕ-ರೊಟ್ಟಿ. ಮೂರನೆಯ ಸಲ ಬರೀ ಚಹಾ, ಅದೂ ಅತ್ತೆ ಎರಡು ಸಲ ಒಳಗೆ ಹೋಗಿ ಬಂದ ಮೇಲೆ. ನೀವೇ ಹೇಳಿ, ತಪ್ಪು ನನ್ನದೇ? ಉಂಡು ಹೋಗದೆ ಉಳಿದವನನ್ನು ಮೋಸಗಾರನಂತೆ ನೋಡುವ ಜನಕ್ಕೆ ಏನೆಂದು ಸಮಜಾಯಿಷಿ ಕೊಡುವುದು?

ಉಪದೇಶಕ್ಕಂತೂ ಇಂಥ ಇಳಿತವಿರಲಿಲ್ಲ. ಲಿಂಗ ಕಟ್ಟಿದ ನಾನು ಮೀನೇ ಪ್ರಧಾನವಾದ ನಾಡಿನಲ್ಲಿ ಏನು ತಿಂದು ಬದುಕುತ್ತೇನೆಂದು ಎದುರು ಸಿಕ್ಕವರೆಲ್ಲ ನಾನೇ ಕಂಗಾಲಾಗುವಷ್ಟು ಮರುಗಿದರು. ನಮ್ಮ ಡ್ರಿಲ್ ಮಾಸ್ತರರು ಮರುಗುವುದರಲ್ಲಿ ನಂಬಿಕೆಯಿಲ್ಲದವರು. "ದ್ವೀಪಕ್ಕ ಹೊಂಟೀರಿ, ಈಜು ಬರದಿದ್ರ ಹೆಂಗ್ರಿ ಸರ?" ಎಂದು ನನ್ನನ್ನು ದಾಂಡೇಲಿಯ ಬಸ್ಸು ಹತ್ತಿಸಿ ಮೌಳಂಗಿಗೆ ಕರೆದೊಯ್ದು, ಕಾಳಿ ಹೊಳೆಯಲ್ಲಿ ಸೊಂಟದವರೆಗೆ ಇಳಿಸಿದರು. ನಾನು ಉಸಿರು ಬಿಗಿಹಿಡಿದು ಮುಳುಗಬೇಕೆನ್ನುವಷ್ಟರಲ್ಲಿ ದಡದ ಮೇಲಿನ ಒಬ್ಬರು, ಮೊಸಳೆಗಳು ಇರುವುದೆಲ್ಲ ಆ ಕಡೆಗೆ, ಇತ್ತ ಬರುವುದಿಲ್ಲ ಎಂದು ಧೈರ್ಯ ಹೇಳಿದರು. ಈ ಒಪ್ಪಂದ ಮೊಸಳೆಗಳಿಗೂ ತಿಳಿದಿದೆಯೇ ಎಂದು ವಿಚಾರಿಸಲು ನಿಲ್ಲದೆ ನಾನು ದಡ ಸೇರಿದೆ.

ಇಷ್ಟೆಲ್ಲ ನಡೆಯುತ್ತಿರುವಾಗ ಏನೂ ಮಾತಾಡದವಳು ನನ್ನ ಹೆಂಡತಿ ಸುವರ್ಣಾ ಒಬ್ಬಳೇ. ಮೂರನೆಯ ಸಲ ದಿನಾಂಕ ಮುಂದಕ್ಕೆ ಹೋದ ಮರುದಿನ ಅವಳು ಸೆರಗು ಬಿಗಿದುಕೊಂಡು ಪಡಸಾಲೆಯ ಬಾಗಿಲಲ್ಲಿ ನಿಂತು, "ಇವತ್ತಿಂದ ನೀವು ಹೋದಂಗ," ಎಂದು ಘೋಷಿಸಿದಳು. "ಈ ಪಡಸಾಲಿನೇ ನಿಮ್ಮ ಮಾಲ್ಡೀವ್ಸ್. ಒಳಗಿಂದು ನನ್ನ ಪಾಲಿಗೆ ಬಿಡ್ರಿ. ಈಗ ಕಲೀದಿದ್ರ ನಾ ಯಾವಾಗ ಕಲೀಲಿ?"

ಅಂದಿನಿಂದ ನಳದ ನೀರು ತುಂಬುವುದು, ಸಿಲಿಂಡರು ತರುವುದು, ಲೈಟ್ ಬಿಲ್ಲಿನ ಪಾಳಿ ನಿಲ್ಲುವುದು, ಇವ್ಯಾವುದಕ್ಕೂ ನಾನು ಕೈ ಹಾಕಕೂಡದು. ನನ್ನ ಅನ್ನವನ್ನು ನಾನೇ ಪಡಸಾಲೆಯ ಮೂಲೆಯಲ್ಲಿ ಸ್ಟೋವು ಹಚ್ಚಿ ಬೇಯಿಸಿಕೊಳ್ಳಬೇಕು. ಇನ್ನು ಮಾತು. ವಿದೇಶದಿಂದ ಫೋನು ಮಾಡುವುದು ವಾರಕ್ಕೊಮ್ಮೆ ಮಾತ್ರ ಸಾಧ್ಯವಲ್ಲವೇ? ಅಲ್ಲಿ ವಾರದ ಸೂಟಿ ಶುಕ್ರವಾರವೆಂದು ನಾನೇ ಹಿಂದೊಮ್ಮೆ ಪಾಂಡಿತ್ಯ ಮೆರೆದಿದ್ದೆ. ಆದ್ದರಿಂದ ಮಾತು ಶುಕ್ರವಾರ, ಹತ್ತು ನಿಮಿಷ. ಹೆಂಡತಿಯೊಡನೆ ಜಗಳವಾಡಬೇಕೆಂದರೂ ಶುಕ್ರವಾರದವರೆಗೆ ಕಾಯಬೇಕಾದ ಗಂಡ ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ನನಗೆ ತಿಳಿಸಿ.

ಮೊದಲ ವಾರ ಫ್ಯೂಸು ಹೋಯಿತು. ಅವಳು ಸ್ಟೂಲು ಹತ್ತಿ ತಂತಿ ಸುತ್ತುವುದನ್ನು ನಾನು ಕೈ ಕಟ್ಟಿಕೊಂಡು ಪರದೇಶದಿಂದ ನೋಡುತ್ತ ನಿಂತೆ. ದೀಪ ಹತ್ತಿತು. ಎರಡನೆಯ ವಾರ ಸಿಲಿಂಡರು ಬಂತು, ಬಿಲ್ಲು ಕಟ್ಟಿದ್ದಾಯಿತು, ನಾನು ವರ್ಷದಿಂದ ರಿಪೇರಿ ಮಾಡುತ್ತೇನೆನ್ನುತ್ತಿದ್ದ ಹಿತ್ತಲ ಬಾಗಿಲಿನ ಚಿಲಕವೂ ಸರಿಯಾಯಿತು. ಶುಕ್ರವಾರ ಅವಳು ಹೊಸ್ತಿಲಾಚೆ ಕುಳಿತು, "ಅಲ್ಲಿ ಹವಾ ಹೆಂಗೈತ್ರಿ?" ಎಂದು ಕೇಳುವಳು. "ಸೆಕೆ" ಎನ್ನುವೆ. ಅನ್ನ ಸೀದದ್ದನ್ನು ಮುಚ್ಚಿಡುವೆ. ಗಡಿಯಾರ ನೋಡಿ ಎದ್ದು ಹೋಗುವಳು.

ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನ ಬುಡದಲ್ಲಿ ಹೆದರಿಕೆಯಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಮೀನಿನದಲ್ಲ, ಸಮುದ್ರದ್ದೂ ಅಲ್ಲ. ನಾನಿಲ್ಲದೆಯೂ ಈ ಮನೆ ಇಷ್ಟು ಸಲೀಸಾಗಿ ನಡೆಯುವುದಾದರೆ, ವರ್ಷ ಕಳೆದು ಮರಳಿ ಬಂದವನು ಯಾತಕ್ಕೆ ಬೇಕು? ಊರಿಗೆ ಊರೇ ಶಾಲು ಹೊದಿಸಿತು, ಹೋಳಿಗೆ ಉಣಿಸಿತು, ಇನ್ನೂ ಹೋಗಿಲ್ಲವೇ ಎಂದು ಗದರಿಸಿತು. ಹೋಗಬೇಡಿ ಎಂದು ಒಬ್ಬರೂ ಅನ್ನಲಿಲ್ಲ. ಪರರ ಮಾತು ಬಿಡಿ, ಅವಳೂ ಅನ್ನಲಿಲ್ಲ.

ಪರವಾನಗಿ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಅವಳು ಬೀಸುವ ಗಿರಣಿಗೆ ಹೋಗಿದ್ದಳು. ಲಕೋಟೆಯನ್ನು ಅಂಚೆಯವನ ಕೈಯಿಂದ ಇಸಿದುಕೊಂಡು, ಒಳಗಿನ ಪರವಾನಗಿ, ವಿಮಾನದ ಟಿಕೆಟ್ಟು ಎರಡನ್ನೂ ಓದಿ, ಅಂಗಿಯ ಜೇಬಿಗೆ ಸೇರಿಸಿದೆ. ವಾರಕ್ಕೊಮ್ಮೆ ಮಾತೆಂಬ ಕಾನೂನು ಮಾಡಿದವಳು ಅವಳು. ಸರಿ, ಶುಕ್ರವಾರವೇ ತಿಳಿಯಲಿ ಎಂದು ಹಟ ಹಿಡಿದೆ. ಸೋಮವಾರ ನಾನು ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾಗ ಅವಳು ಹೊಸ್ತಿಲು ದಾಟಿ ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತಳು.

"ಇವತ್ತು ಸೋಮವಾರ," ಎಂದೆ, ಬೇಕೆಂದೇ.

"ಗೊತ್ತೈತಿ. ಕಾಗದ ಬಂದದ್ದೂ ಶನಿವಾರನ ಗೊತ್ತಾಗೇತಿ, ಪೋಸ್ಟಿನಾಂವ ಗಿರಣ್ಯಾಗ ಹೇಳಿದಾ. ಯಾವಾಗ ಹೊಂಟ್ರಿ?"

"ಗುರುವಾರ."

"ಗುರುವಾರ ಹೋಗಾವ್ರು ನನಗ ಶುಕ್ರವಾರ ಏನ್ ಹೇಳಾವ್ರಿದ್ರಿ?"

ಇಪ್ಪತ್ತು ವರ್ಷ ಊರಿನ ಮಕ್ಕಳಿಗೆ ಲೆಕ್ಕ ಕಲಿಸಿದ ನನಗೆ ವಾರದ ದಿನಗಳು ಯಾವ ಕ್ರಮದಲ್ಲಿ ಬರುತ್ತವೆಂಬುದು ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಕೊನೆಗೆ ಮಗುವಿನಂತೆ ಹೊಟ್ಟೆಯೊಳಗಿನ ದೂರನ್ನೇ ಹೊರಗೆ ಹಾಕಿದೆ: "ಎಲ್ಲಾ ಕಲತಿ. ಹೋಗಬ್ಯಾಡ್ರಿ ಅಂತ ಒಂದ್ ಮಾತು ಮಾತ್ರ ನಿನ್ನ ಬಾಯಾಗ ಬರಲಿಲ್ಲ."

ಅವಳು ನನ್ನ ಕೈಯಿಂದ ಸೌಟು ತೆಗೆದುಕೊಂಡು ಅನ್ನವನ್ನು ಒಂದು ಸಲ ತಿರುವಿದಳು. ಮುಖ ಸ್ಟೋವಿನ ಕಡೆಗೇ ಇತ್ತು.

"ಅದನ್ನ ಹೆಂಗ ಅನ್ಲಿ? ಅಂದಿದ್ರ ನೀವು ನಿಂತಬಿಡ್ತಿದ್ರಿ," ಎಂದಳು.