ಹುಣಸೆ ನೀರಿಗೆ ಹಾಕಿದ ಗೆಜ್ಜೆ

ನಮ್ಮ ನಾಟ್ಯದ ತರಗತಿಯ ಗಾಜಿನ ಬೀರುವಿನಲ್ಲಿ ಒಂದು ಜೊತೆ ಹಳೆಯ ಗೆಜ್ಜೆ ಇದೆ. ಎತ್ತಿ ಅಲ್ಲಾಡಿಸಿದರೆ ಸದ್ದೇ ಸರಿಯಾಗಿ ಬರುವುದಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಸೇರಿದಾಗ ಟೀಚರ್ ಅದನ್ನು ಹೊರಗೆ ತೆಗೆದು, ಗೆಜ್ಜೆಗೆ ಏನು ಮಾಡಬಾರದು ಎಂದು ಪಾಠ ಹೇಳುತ್ತಾರೆ. "ಹಳ್ಳಿಯಲ್ಲಿ ಒಬ್ಬರು ಅತ್ತೆ ಇದ್ದರು" ಎಂದು ಆ ಪಾಠ ಶುರುವಾಗುತ್ತದೆ. ಆ ಅತ್ತೆ ನನ್ನ ಅತ್ತೆ. ಅವರು ಆ ಗೆಜ್ಜೆಯನ್ನು ಕೆಡಿಸಲಿಲ್ಲ, ಕೆಡಿಸಿದವಳು ನಾನು. ಐದು ವರ್ಷದಿಂದ ಆ ಪಾಠ ನಡೆದಾಗಲೆಲ್ಲ ನಾನು ಮುಂದಿನ ಸಾಲಿನಲ್ಲಿ ಕಾಲು ಮಡಿಸಿ ಕೂತು, ಮಿಕ್ಕವರ ಜೊತೆ ತಲೆಯಾಡಿಸಿದ್ದೇನೆ.

ನಾಟ್ಯ ಕಲಿಯಲು ಹೊರಟಾಗ ನನಗೆ ಮೂವತ್ತೊಂದು. ಬಾಗಲೂರಿನ ಆಚೆ, ತಮಿಳುನಾಡಿನ ಗಡಿಯೊಳಗೆ ನಮ್ಮ ಹಳ್ಳಿ. ಗಂಡ ಹೊಲ ನೋಡಿಕೊಳ್ಳುತ್ತಾರೆ, ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಪಾರ್ಟ್ಸ್ ಚೆಕ್ ಮಾಡುವ ಕೆಲಸಕ್ಕೆ ಹೋಗುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬಳು ಭಾನುವಾರ ದೊಡ್ಡವರಿಗೂ ಭರತನಾಟ್ಯ ಹೇಳಿಕೊಡುವ ಟೀಚರ್ ಇದ್ದಾರೆ ಎಂದಳು. ಚಿಕ್ಕಂದಿನಿಂದ ಆಸೆ ಇತ್ತು, ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಮಗಳಿಗೆ ಆಗಿನ್ನೂ ಒಂದು ವರ್ಷ. ಗಂಡ ನಕ್ಕು, "ಈ ವಯಸ್ಸಲ್ಲಿ ಕುಣಿಯಾಕೆ ಹೋಗ್ತೀಯಾ?" ಎಂದರು. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಮಗನಿಗೆ ಹೇಳಿದರು:

"ನೀನು ಮೂವತ್ತು ತುಂಬಿದ್ಮೇಲೆ ಬೈಕು ಕಲ್ತೆ, ನಾವೇನಾರ ಅಂದ್ವಾ? ಹೋಗ್ಲಿ ಬಿಡ್ಲಾ. ಮಗೀನ ನಾನ್ ನೋಡ್ಕೊಂತೀನಿ."

ಅತ್ತೆ ನೋಡಿಕೊಂಡಿದ್ದು ಮಗುವನ್ನು ಮಾತ್ರವಲ್ಲ. ಎರಡನೆಯ ವರ್ಷ ನಾನು ವೇದಿಕೆಗಾಗಿ ರೇಷ್ಮೆಯ ಉಡುಪು ಹೊಲಿಸಿಕೊಂಡಾಗ ಅದೂ ಅವರ ಕೈಗೇ ಹೋಯಿತು. ಅವರು ಇಪ್ಪತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಹುಳುಮನೆ ಈಗಲೂ ಹಿತ್ತಲಲ್ಲಿದೆ, ಹುಳು ಮಾತ್ರ ಇಲ್ಲ. ನಾನು ಎಲ್ಲಾದರೂ ಕುಣಿದು ಬಂದರೆ ಬೆವರಿನ ಉಡುಪನ್ನು ಒಳಗು ಹೊರಗು ಮಾಡಿ, ಹುಳುಮನೆಯ ನೆರಳಲ್ಲಿ, ಹಿಂದೆ ಗೂಡು ಕಟ್ಟಿಸುತ್ತಿದ್ದ ಬಿದಿರಿನ ಚಂದ್ರಿಕೆಯ ಮೇಲೆ ಹರಡುತ್ತಿದ್ದರು. ಗಾಳಿ ಕೆಳಗಿನಿಂದಲೂ ಆಡುತ್ತಿತ್ತು. ಕಂಕುಳಿನ ಬೆವರು ಕಲೆಯನ್ನು ಉಜ್ಜುತ್ತಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯುತ್ತಿದ್ದರು. ಕಾಲಿಗೆ ಹಚ್ಚಿದ ಕೆಂಪು ಬಣ್ಣ ಪೈಜಾಮದ ಅಂಚಿಗೆ ಹತ್ತಿದರೆ ಆ ಅಂಚಿಗಷ್ಟೇ ಅಂಟುವಾಳದ ನೊರೆ. ಜರಿಗೆ ಜರಿ ತಾಗಬಾರದೆಂದು ಮಡಿಕೆಯ ನಡುವೆ ಮಾವನವರ ಹಳೆಯ ಪಂಚೆ ಇಡುತ್ತಿದ್ದರು. ನಾನು ಮಾಡಬೇಕಾದ ಕೆಲಸ ಒಂದೇ, ಪಿನ್ನುಗಳನ್ನು ಬಿಚ್ಚುವುದು. ಅದನ್ನೂ ಅರ್ಧ ಮರೆಯುತ್ತಿದ್ದೆ. ನನ್ನ ಉಡುಪು ಯಾವಾಗಲೂ ಹೊಸದರಂತಿದೆ ಎಂದು ತರಗತಿಯಲ್ಲಿ ಹೊಗಳಿದರೆ, "ನೋಡಿಕೊಳ್ಳೋದರಲ್ಲಿ ಇದೆ" ಎಂದು ಬೀಗುತ್ತಿದ್ದೆ. ಯಾರು ನೋಡಿಕೊಳ್ಳುವುದು ಎಂದು ಮಾತ್ರ ಹೇಳುತ್ತಿರಲಿಲ್ಲ.

ಅದರ ಮರುವರ್ಷ ವಿಜಯದಶಮಿಯ ಸಂಜೆ ಹೊಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಕಾರ್ಯಕ್ರಮ. ನಾನು ಒಬ್ಬಳೇ ಒಂದು ಪದಕ್ಕೆ ಕುಣಿಯುವುದೆಂದು ಟೀಚರ್ ನಿರ್ಧರಿಸಿದರು. ನನ್ನ ಅಗ್ಗದ ಗೆಜ್ಜೆಯ ಸದ್ದು ಸಾಲದೆಂದು ತಮ್ಮ ಹಳೆಯ ಗೆಜ್ಜೆಯನ್ನು ಕೊಟ್ಟರು. ಅದು ಅವರಿಗೆ ಅವರ ಗುರುಗಳು ಕೊಟ್ಟದ್ದು. ಚರ್ಮದ ಪಟ್ಟಿಯ ಮೇಲೆ ಸಾಲುಸಾಲಾಗಿ ಹೊಲಿದ ಹಿತ್ತಾಳೆಯ ಗೆಜ್ಜೆ. ಕೊಡುವಾಗ ಎರಡು ಕಣ್ಣಿಗೂ ಒತ್ತಿಕೊಂಡರು.

"ನಮ್ಮ ಕುಣಿತಕ್ಕೆ ಬೂಟು ಚಪ್ಪಲಿ ಯಾವುದೂ ಇಲ್ಲಮ್ಮಾ, ಕಾಲಿಗೆ ಇದೊಂದೇ" ಎಂದರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ. "ತಣ್ಣಿ ಪಡಬಾರದು, ತೆರಿಯುಮಾ? ನೀರು ತಾಗಬಾರದು. ಒಣಗಿದ ಬಟ್ಟೆಯಲ್ಲಿ ಒರೆಸಬೇಕು, ಅಷ್ಟೇ."

ಹೂಂ ಎಂದೆ. ಹೂಂ ಎನ್ನಲು ನನಗೆ ಯಾರೂ ಕಲಿಸಬೇಕಾಗಿಲ್ಲ.

ಮನೆಗೆ ತಂದು, ಮರುದಿನ ಬೆಳಿಗ್ಗೆ ಬಿಚ್ಚಿ ನೋಡಿದರೆ ಗೆಜ್ಜೆಗಳೆಲ್ಲ ಮಂಕಾಗಿ, ಸಂದಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ನಾಡಿದ್ದು ಕಾರ್ಯಕ್ರಮ, ನಾಳೆ ಆಯುಧಪೂಜೆ. ನಮ್ಮಲ್ಲಿ ಪೂಜೆಗೆ ಮುಂಚೆ ಕುಡುಗೋಲು, ಗುದ್ದಲಿ, ಪಂಪುಸೆಟ್ಟು, ಬೈಕು ಎಲ್ಲ ತೊಳೆಸಿಕೊಳ್ಳುತ್ತವೆ. ಹಿತ್ತಾಳೆ ಎಂದರೆ ಹುಣಸೆಹಣ್ಣು, ಅದರಲ್ಲಿ ಯೋಚನೆಯೇ ಇಲ್ಲ. ಕುಣಿಯುವವಳಿಗೆ ಗೆಜ್ಜೆಯೇ ಆಯುಧ, ಅದು ದೇವರ ಮುಂದೆ ಫಳಫಳ ಹೊಳೆಯಬೇಕು, ವೇದಿಕೆಯಲ್ಲೂ ಹೊಳೆಯಬೇಕು ಎನ್ನಿಸಿತು. ಕಂಪನಿ ಬಸ್ಸಿಗೆ ಹೊತ್ತಾಗುತ್ತಿತ್ತು. ಉಜ್ಜುತ್ತಾ ಕೂರಲು ಪುರುಸೊತ್ತಿಲ್ಲದೆ ಒಂದು ಬೇಸಿನ್ನಿನಲ್ಲಿ ಗಟ್ಟಿಯಾಗಿ ಹುಣಸೆಹಣ್ಣು ಕಿವುಚಿ ಎರಡನ್ನೂ ಅದರಲ್ಲಿ ಮುಳುಗಿಸಿದೆ.

ಅತ್ತೆ ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದವರು ಎದ್ದು ಬಂದರು.

"ನೆನೆ ಹಾಕ್ಬ್ಯಾಡ ಕಣಮ್ಮ. ಎತ್ತಿನ ಗೆಜ್ಜೇನೂ ನಾವು ನೆನೆ ಹಾಕಾಕಿಲ್ಲ. ಮೇಲ್ಮೇಲೆ ಉಜ್ಜಿ ಒರೆಸ್ಬುಡ್ತೀವಿ. ಒಳಗಿರೋ ಗುಂಡು ಕಬ್ಬಿಣದ್ದು, ತುಕ್ಕು ಹಿಡ್ದು ಕಚ್ಕೊಂಬುಡ್ತದೆ."

"ಅತ್ತೆ, ಇದು ಎತ್ತಿನ ಕೊರಳಿಗೆ ಕಟ್ಟೋದಲ್ಲ, ನಾಟ್ಯದ್ದು. ನಿಮಗೆ ಗೊತ್ತಾಗಲ್ಲ ಬಿಡಿ" ಎಂದೆ.

ಅವರು ಸರಿ ಎಂದು ಮಗುವಿನ ಹತ್ತಿರ ಹೋದರು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಹೇಳಬೇಕಾದವರಿಬ್ಬರೂ ಹೇಳಿದ್ದರು, ಒಬ್ಬರು ಕಲಿತವರು, ಇನ್ನೊಬ್ಬರು ಬಲ್ಲವರು. ಇಬ್ಬರ ಮಾತನ್ನೂ ನಾನು ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ಬಿಟ್ಟು ಓಡಿದೆ.

ಸಾಯಂಕಾಲ ನಾಲ್ಕೂವರೆಗೆ ಬಂದು ತೆಗೆದೆ. ಹಿತ್ತಾಳೆ ಬಂಗಾರವಾಗಿತ್ತು. ನೀರು ಕಪ್ಪಾಗಿತ್ತು. ಅಲ್ಲಾಡಿಸಿದರೆ ಲೊಳಲೊಳ ಎಂದಿತು, ನೀರು ಕುಡಿದಿದೆ, ಒಣಗಿದರೆ ಸರಿಹೋಗುತ್ತದೆ ಎಂದುಕೊಂಡೆ. ಮಾರನೆಯ ದಿನ ಬಿಸಿಲಿಗೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಚರ್ಮ ಹಪ್ಪಳದಂತೆ ಸುರುಟಿತ್ತು. ಒಂದೊಂದೇ ಗೆಜ್ಜೆಯನ್ನು ಬೆರಳಲ್ಲಿ ತಟ್ಟಿ ನೋಡಿದೆ. ಎಲ್ಲೋ ನಾಲ್ಕೈದು ಮಾತ್ರ ಉಲಿದವು. ಮಿಕ್ಕವುಗಳ ಹೊಟ್ಟೆಯಲ್ಲಿ ಗುಂಡು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪೂಜೆಯಲ್ಲಿ ಕುಡುಗೋಲಿನ ಪಕ್ಕ ಆ ಗೆಜ್ಜೆಯನ್ನೂ ಇಟ್ಟೆ. ಅತ್ತೆ ಎಲ್ಲಕ್ಕೂ ಸೇವಂತಿಗೆ ಏರಿಸುತ್ತಾ ಬಂದು, ಅದಕ್ಕೂ ಒಂದು ಹೂ ಇಟ್ಟರು. ನಾನು ಹೇಳಿರಲಿಲ್ಲವಾ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಅಂದು ಸಂಜೆ ಕೊನೆಯ ಅಭ್ಯಾಸಕ್ಕೆ ಗೆಜ್ಜೆ ತೆಗೆದುಕೊಂಡು ಹೋದೆ. ದಾರಿಯುದ್ದಕ್ಕೂ, ನನ್ನಿಂದ ತಪ್ಪಾಯಿತು ಎಂಬ ಮಾತನ್ನು ಬಾಯಿಪಾಠ ಮಾಡಿದ್ದೆ. ಟೀಚರ್ ಗೆಜ್ಜೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಮ್ಮೆ ಅಲ್ಲಾಡಿಸಿದರು. ಅವರ ಕಣ್ಣು ತುಂಬಿತು. "ಯಾರಮ್ಮಾ ಹೀಗೆ ಮಾಡಿದ್ದು?" ಎಂದರು.

"ಅತ್ತೆ" ಎಂದೆ. "ನಾನು ಡ್ಯೂಟಿಗೆ ಹೋಗಿದ್ದೆ. ತಿಳೀದೆ ಹುಣಸೆ ನೀರಲ್ಲಿ ನೆನೆ ಹಾಕಿಬಿಟ್ಟಿದ್ದಾರೆ."

ಅದು ಹೇಗೆ ಬಾಯಿಗೆ ಬಂತೋ ಇವತ್ತಿಗೂ ತಿಳಿಯದು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ತಿಳಿದೇ ಬಂತು. ಹಳ್ಳಿಯ ಮುದುಕಿ, ಹುಣಸೆಹಣ್ಣು ಎಂದರೆ ಯಾರಾದರೂ ನಂಬುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೂ ಬಿಟ್ಟು, ಕುಣಿಯಲು ಕಳಿಸಿಕೊಟ್ಟವರನ್ನೇ ಡೊಂಕು ಎಂದೆ. ಟೀಚರ್ ಕಣ್ಣೊರೆಸಿಕೊಂಡು, "ಪಾವಂ, ಪಾಪ ಅವರಿಗೆ ಏನು ತಿಳಿಯುತ್ತೆ, ಬೈಯಬೇಡ" ಎಂದು ನನ್ನನ್ನೇ ಸಮಾಧಾನ ಮಾಡಿ, ಬೇರೆ ಗೆಜ್ಜೆ ಕೊಟ್ಟರು.

ಮಾರನೆಯ ದಿನ ಕಾರ್ಯಕ್ರಮ ನೋಡಲು ಅತ್ತೆ ಬಂದರು. ಒಳ್ಳೆಯ ಸೀರೆ ಉಟ್ಟು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದರು. ನಾನು ಚೆನ್ನಾಗಿಯೇ ಕುಣಿದೆ. ಮುಗಿದ ಮೇಲೆ ಅವರು ಹಿಂದಿನ ಕೋಣೆಗೆ ಬಂದು ನನ್ನ ಉಡುಪಿನ ಪಿನ್ನು ಬಿಚ್ಚುತ್ತಿದ್ದಾಗ ಟೀಚರ್ ಒಳಗೆ ಬಂದರು. ಅವರು ಒಳ್ಳೆಯ ಮನಸ್ಸಿನವರು, ಒಳ್ಳೆಯದಕ್ಕೇ ಹೇಳಿದರು:

"ಗೆಜ್ಜೆ ವಿಷಯ ಮನಸ್ಸಲ್ಲಿ ಇಟ್ಟುಕೋಬೇಡಿ ಅಮ್ಮಾ. ಪರವಾಯಿಲ್ಲ. ನೀವು ಬೇಕು ಅಂತ ಹುಣಸೆ ನೀರಿಗೆ ಹಾಕಲಿಲ್ಲ."

ಅತ್ತೆಯ ಬೆರಳು ನನ್ನ ಭುಜದ ಪಿನ್ನಿನ ಮೇಲೆ ನಿಂತಿತು. ಎದುರಿನ ಕನ್ನಡಿಯಲ್ಲಿ ಅವರು ನನ್ನ ಮುಖ ನೋಡಿದರು. ಕಾಡಿಗೆ, ಕೆಂಪು, ಬೈತಲೆಬೊಟ್ಟು ಎಲ್ಲ ಇದ್ದ ಆ ಮುಖದಲ್ಲಿ ಏನು ಕಂಡಿತೋ. ಒಂದು ಮಾತು ಸಾಕಾಗಿತ್ತು ಅವರಿಗೆ. ಆ ಮಾತನ್ನು ಆಡಿಬಿಡುತ್ತಾರೆ ಎಂದು ನಾನು ಹೆದರಿದೆ. ಅವರ ಮಾನ ಹೋಗುವುದನ್ನು ನೋಡುತ್ತಾ ನಿಂತವಳು ನನ್ನ ಮಾನಕ್ಕೆ ಹೆದರಿದೆ.

"ತೆಪ್ಪಾಯ್ತು ಟೀಚರಮ್ಮ" ಎಂದರು ಅತ್ತೆ. "ಎತ್ತಿನ ಗೆಜ್ಜೆ ಅನ್ಕೊಂಡ್ಬುಟ್ಟೆ. ಮನಸ್ಸಿಗೆ ಹಾಕ್ಕೊಬ್ಯಾಡಿ."

ಮೂರು ವರ್ಷ ತರಗತಿಗೆ ಹೋದವಳು ಅನ್ನಬೇಕಾದ ಮಾತನ್ನು, ಶಾಲೆಯ ಮೆಟ್ಟಿಲು ಹತ್ತದವರು ಕೈಮುಗಿದು ಅಂದರು. ನಾನು ಬಳೆ ಬಿಚ್ಚುತ್ತಾ ತಲೆ ತಗ್ಗಿಸಿದೆ.

ಮರುದಿನ ಬೆಳಿಗ್ಗೆ ಹುಳುಮನೆಗೆ ಹೋದೆ. ಅವರು ಯಾವತ್ತಿನಂತೆ ಉಡುಪನ್ನು ಚಂದ್ರಿಕೆಯ ಮೇಲೆ ಹರಡಿ, ಬೀಸಣಿಗೆಯಂಥ ನೆರಿಗೆಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸುತ್ತಿದ್ದರು. "ಅತ್ತೆ, ನಾನು ಅವತ್ತು..." ಎಂದು ಶುರು ಮಾಡಿದೆ.

"ಸೊಂಟದ ತಾವ ಒಂದು ಪಿನ್ನು ಬಿಟ್ಬುಟ್ಟಿದ್ದೆ ನೋಡು. ತುಕ್ಕು ಹಿಡಿದ್ರೆ ಕಲೆ ಹೋಗಾಕಿಲ್ಲ" ಎಂದು ಪಿನ್ನನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ಹೊರಗೆ ಬಂದೆ. ಅವರೇ ಬೇಡವೆಂದರು ಎಂದು ನನಗೆ ನಾನೇ ಹೇಳಿಕೊಂಡು ವರ್ಷಗಳನ್ನು ತಳ್ಳಿದೆ. ಅವರು ಬೇಡವೆಂದಿರಲಿಲ್ಲ. ನಾನು ಎರಡನೆಯ ಸಲ ಬಾಯಿ ತೆರೆಯಲಿಲ್ಲ, ಅಷ್ಟೇ.

ಅಂದಿನಿಂದ ಅತ್ತೆ ನಮ್ಮ ಕಾರ್ಯಕ್ರಮಗಳಿಗೆ ಬರುವುದನ್ನು ಬಿಟ್ಟರು. ಮಂಡಿ ನೋವು ಎನ್ನುತ್ತಾರೆ. ಆ ಮಂಡಿ ಬೇರಿಕೆಯ ಸಂತೆಗೆ ಹೋಗುವಾಗ ನೋಯುವುದಿಲ್ಲ.

ಈ ಜೂನಿನಲ್ಲಿ ಮಗಳನ್ನು ಅದೇ ತರಗತಿಗೆ ಸೇರಿಸಿದೆ. ಅವಳಿಗೀಗ ಎಂಟು. ಮೊದಲ ಭಾನುವಾರ ಟೀಚರ್ ಬೀರು ತೆರೆದು ಗೆಜ್ಜೆ ತೆಗೆದರು. ಹಳ್ಳಿಯ ಅತ್ತೆ, ಹುಣಸೆ ನೀರು, ಪಾವಂ, ಎಲ್ಲ ಬಂತು. ಮಕ್ಕಳು ನಕ್ಕವು, ನನ್ನ ಮಗಳೂ ನಕ್ಕಳು. ಆಮೇಲೆ ಟೀಚರ್ ಅವಳ ಕೆನ್ನೆ ಹಿಂಡಿ, "ಅದು ನಿನ್ನ ಪಾಟಿ ಕಣೇ" ಎಂದುಬಿಟ್ಟರು. ಪಾಟಿ ಎಂದರೆ ಅಜ್ಜಿ ಎಂದು ನಮ್ಮೂರ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಮಗಳು ಮನೆಗೆ ಬಂದವಳೇ ಹುಳುಮನೆಗೆ ಓಡಿದಳು, ನಾನು ಹಿಂದೆಯೇ ಹೋದೆ. ಅತ್ತೆ ಮಗಳಿಗಾಗಿ ಹೊಲಿದ ಗೆಜ್ಜೆಯ ಚೀಲಕ್ಕೆ ದಾರ ಪೋಣಿಸುತ್ತಿದ್ದರು.

"ಅಜ್ಜಿ, ಟೀಚರ್ ಗೆಜ್ಜೆ ಕೆಡಿಸಿದ್ದು ನೀನಂತೆ? ಎಲ್ಲಾರೂ ನಕ್ರು."

ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು. "ಊಂ ಕಣವ್ವ, ನಾನೇ. ನಿಂಗೆ ನಾಚ್ಕೆ ಆಯ್ತಾ?"

ಮಗಳು ನೆಲ ನೋಡಿಕೊಂಡು ಹೂಂ ಎಂದಳು.

ಆ ಹೂಂ ಅನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ಅಜ್ಜಿ ಅಲ್ಲ" ಎಂದೆ. "ನೆನೆ ಹಾಕಿದ್ದು ನಾನು. ಅಜ್ಜಿ ಬೇಡ ಅಂತಾನೇ ಹೇಳಿದ್ರು. ನಾನು ಟೀಚರ್ ಹತ್ರ ಸುಳ್ಳು ಹೇಳ್ದೆ."

ಅತ್ತೆ ನನ್ನ ಕಡೆ ನೋಡಲಿಲ್ಲ. ಚೀಲವನ್ನು ಮಡಿಲಲ್ಲಿಟ್ಟು, ಸೆರಗಿನಿಂದ ಕಣ್ಣು ಒತ್ತಿಕೊಂಡರು. ಐದು ವರ್ಷದಲ್ಲಿ ಆ ಗೆಜ್ಜೆಗಾಗಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರಿಗೆ ನೋವೇ ಆಗಿಲ್ಲ, ದೊಡ್ಡ ಮನಸ್ಸು ಎಂದು ಅಲ್ಲಿಯವರೆಗೆ ನನ್ನ ಅನುಕೂಲಕ್ಕೆ ನಂಬಿಕೊಂಡಿದ್ದೆ.

ಮಗಳು ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಮತ್ತೆ ಟೀಚರ್ ಹೇಳ್ವಾಗ ನೀನು ಅಲ್ಲೇ ಕೂತಿದ್ದೆಯಲ್ಲಮ್ಮ?"

ಅದಕ್ಕೆ ಉತ್ತರವನ್ನು ಟೀಚರ್ ಮುಂದೆ, ಎಲ್ಲರ ಎದುರು ಕೊಡಬೇಕು. ನಾಳೆ ಭಾನುವಾರ. ಹತ್ತು ಗಂಟೆಗೆ ತರಗತಿ, ಅತ್ತೆಯನ್ನೂ ಕರೆದಿದ್ದೇನೆ. ಬರುತ್ತೇನೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ. ಒಳ್ಳೆಯ ಸೀರೆಯನ್ನು ಮಾತ್ರ ನೆರಳಿಗೆ ಹಾಕಿದ್ದಾರೆ.