ಗಿರಿಜತ್ತೆಯ ಇಂಜಿನಿಯರಿಂಗ್ ಪುರಾಣ

ಜಡೆ ಎಂಬ ಊರಿನ ಹತ್ತಿರ ನಾವು ಕಟ್ಟಿಸುತ್ತಿರುವ ಕಿರುಸೇತುವೆಯ ಪಕ್ಕದಲ್ಲಿ ಜೀಪು ನಿಲ್ಲಿಸಿ ನಾನು ಊಟದ ಡಬ್ಬಿ ಬಿಚ್ಚಿದರೆ, ನನ್ನ ಮೊಬೈಲು ಕಚೇರಿಯ ಸುತ್ತೋಲೆಯನ್ನು ಓದಿ ಹೇಳುತ್ತದೆ. ನಾನು ಕಿವಿಯಿಂದ ಓದುವವಳು. ಮೊನ್ನೆ ಆ ಯಂತ್ರದ ದನಿ ಎಲ್ಲೂ ಉಸಿರು ತೆಗೆದುಕೊಳ್ಳದೆ ಎರಡು ಪುಟ ಒಂದೇ ಸಮನೆ ಒದರಿದಾಗ ನಗು ಬಂತು. ‘ಪಾಪ, ಇದಕ್ಕೆ ರಾಗವೇ ಗೊತ್ತಿಲ್ಲ’ ಎಂದುಕೊಂಡೆ. ಸುತ್ತೋಲೆಗೆ ಎಲ್ಲಿಯ ರಾಗ ಎಂದು ನೀವು ಕೇಳಬಹುದು. ಅದು ನಮ್ಮ ಗಿರಿಜತ್ತೆಯ ಕೈಗೆ ಸಿಕ್ಕಿದ್ದರೆ ನೀವು ಹಾಗೆ ಕೇಳುತ್ತಿರಲಿಲ್ಲ.

ಗಿರಿಜತ್ತೆ ನನ್ನ ಅಪ್ಪನ ಅಕ್ಕ. ಶಿಕಾರಿಪುರದಲ್ಲಿ ಹುಟ್ಟಿ ಸೊರಬಕ್ಕೆ ಮದುವೆಯಾಗಿ ಹೋದವಳು. ಕನ್ನಡವಿರಲಿ, ಇಂಗ್ಲಿಷಿರಲಿ, ಅಚ್ಚಾದದ್ದು ಏನು ಕಂಡರೂ ಗಟ್ಟಿಯಾಗಿ ಓದುವುದು ಅವಳ ಚಟ. ಬಸ್ಸಿನ ಹಿಂದಿನ ಜಾಹೀರಾತನ್ನೂ ಬಿಡುವವಳಲ್ಲ, ಲಗ್ನಪತ್ರಿಕೆಯ ಮೂಲೆಯಲ್ಲಿರುವ ಪ್ರೆಸ್ಸಿನ ಹೆಸರನ್ನೂ ಬಿಡುವವಳಲ್ಲ. ಶ್ರಾವಣ ಬಂತೆಂದರೆ ಅವಳ ಪಡಸಾಲೆಯಲ್ಲಿ ಓಣಿಯ ಹೆಂಗಸರು ಸೇರಿ ಪುರಾಣ ಹಚ್ಚುತ್ತಿದ್ದರು. ಅತ್ತೆ ರಾಗವಾಗಿ ಒಂದು ಪದ್ಯ ಓದಿ ನಿಲ್ಲಿಸುವಳು. ನಿವೃತ್ತ ಮೇಷ್ಟರೊಬ್ಬರು ಅದರ ಅರ್ಥ ಹೇಳುವರು. ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಪುರಾಣದ ಪದ್ಧತಿಯೇ ಅದು.

ನನಗೂ ಅಕ್ಷರಗಳಿಗೂ ಮೊದಲಿನಿಂದ ಆಗಿಬರುವುದಿಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ಬಸ್ಸು ಬಂದಾಗ ಅಲ್ಲಿಯವರೆಗೆ ನೆಟ್ಟಗೆ ನಿಂತಿದ್ದ ಜನ ಏನಾಗುತ್ತಾರೋ, ನಾನು ಪುಟದ ಮೇಲೆ ಕಣ್ಣಿಟ್ಟರೆ ಅಕ್ಷರಗಳೂ ಹಾಗೇ ಆಗುತ್ತವೆ. ಅವ್ವ ಓದಿದ್ದನ್ನು ಕೇಳಿಸಿಕೊಂಡು, ಲೆಕ್ಕದಲ್ಲಿ ಚುರುಕಾಗಿದ್ದು, ಹೇಗೋ ಶಿವಮೊಗ್ಗದಲ್ಲಿ ಸಿವಿಲ್ ಇಂಜಿನಿಯರಿಂಗ್ ಸೇರಿಬಿಟ್ಟೆ. ಅಲ್ಲಿ ತಲೆದಿಂಬಿನಷ್ಟು ದಪ್ಪದ ಪುಸ್ತಕಗಳು. ಬಾಯಲ್ಲಿ ಕೇಳಿದರೆ ಎಲ್ಲ ಹೇಳುವ ಹುಡುಗಿ ಉತ್ತರ ಪತ್ರಿಕೆಯನ್ನು ಅರ್ಧ ಖಾಲಿ ಬಿಡುವುದನ್ನು ಕಂಡ ಮೇಡಂ ಒಬ್ಬರು ನನ್ನನ್ನು ಡಾಕ್ಟರ ಹತ್ತಿರ ಕಳಿಸಿದರು. ಡಿಸ್ಲೆಕ್ಸಿಯಾ ಎಂದರು ಡಾಕ್ಟರು. ದಡ್ಡತನವಲ್ಲ, ಓದಿನ ದಾರಿಯೇ ಬೇರೆ ಎಂದು ಬಿಡಿಸಿ ಹೇಳಿದರು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ನಾನು ಹೇಳಿದ್ದನ್ನು ಬರೆಯಲು ಒಬ್ಬರನ್ನೂ ಕೊಡುತ್ತಾರೆ ಎಂದರು. ನಾನು ಬೇಡವೆಂದೆ. ಇಡೀ ಕಾಲೇಜಿಗೆ ಗೊತ್ತಾಗುವುದಕ್ಕಿಂತ ಫೇಲಾಗುವುದೇ ಮರ್ಯಾದೆ ಅನ್ನಿಸಿತ್ತು. ಆ ಮರ್ಯಾದೆಯನ್ನು ಯಾವ ಕೊರತೆಯೂ ಇಲ್ಲದೆ ಉಳಿಸಿಕೊಂಡೆ.

ಎರಡನೇ ವರ್ಷ ಮುಗಿಯುವ ಹೊತ್ತಿಗೆ ಒಂದು ವಿಷಯ ಕುತ್ತಿಗೆಗೆ ಬಂತು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ಯಾವ ತೊಲೆ ಎಷ್ಟು ಭಾರಕ್ಕೆ ಎಲ್ಲಿ ಬಗ್ಗುತ್ತದೆ ಎಂಬ ಲೆಕ್ಕ. ಮರುಪರೀಕ್ಷೆಯಲ್ಲೂ ಹೋದರೆ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ. “ಸಾಕ್ ಬಿಡವ್ವ, ಕಾಲೇಜು ಬಿಟ್ರ ಆತು. ಯಾಕಿಷ್ಟು ಒದ್ದಾಡ್ತಿ?” ಎಂದ ಅಪ್ಪ. ಪ್ರೀತಿಯಿಂದಲೇ ಅಂದದ್ದು. ಅದಕ್ಕೇ ಹೆಚ್ಚು ಚುಚ್ಚಿತು. ಪುಸ್ತಕ ಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದೆ.

“ಎಂತಕ್ಕೆ ಹಿಂಗೆ ಮುಖ ಊದಿಸ್ಕಂಡು ಕೂತೀಯೆ? ಕೊಡು ಇಲ್ಲಿ ಆ ಪುಸ್ತಕ” ಎಂದಳು ಅತ್ತೆ.

“ನಿಂಗೆ ಅರ್ಥ ಆಗಲ್ಲ ಅತ್ತೆ.”

“ಅರ್ಥ ಯಾರಿಗೆ ಬೇಕೇ? ಓದೋದು ನಾನು, ಅರ್ಥ ಹೇಳೋದು ನೀನು. ಕೈಕಾಲು ತೊಳ್ಕಂಡು ಬಾ.”

ಮಧ್ಯಾಹ್ನದ ಕೆಲಸ ಮುಗಿಸಿ ಅಭ್ಯಾಸಬಲದಿಂದ ಓಣಿಯ ಹೆಂಗಸರೂ ಬಂದು ಕೂತರು. ಅತ್ತೆ ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು, ಕಣ್ಣಿಗೊತ್ತಿಕೊಂಡು, “ದಿ ಬೀಮ್ ಈಸ್ ಸಪೋರ್ಟೆಡ್ ಅಟ್ ಬೋತ್ ಎಂಡ್ಸ್” ಎಂಬುದನ್ನು ಪುರಾಣದ ಧಾಟಿಯಲ್ಲಿ ಎಳೆದೆಳೆದು ಹಾಡಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೇರೆ ಯಾರೂ ನಗಲಿಲ್ಲ. ಎಲ್ಲರೂ ಅರ್ಥಕ್ಕಾಗಿ ನನ್ನ ಮುಖ ನೋಡುತ್ತಿದ್ದರು.

ಹೇಳಲೇಬೇಕಾಯಿತು. “ಎರಡೂ ತುದಿಗೆ ಆಸರೆ ಇರೋ ತೊಲೆ, ನಡುವೆ ಭಾರ ಹೇರಿದ್ರೆ ಅಲ್ಲೇ ಹೆಚ್ಚು ಬಗ್ಗುತ್ತೆ” ಎಂದೆ. “ಯಾಕೆ? ನಡುವೇ ಯಾಕ್ ಬಗ್ಗಬೇಕು?” ಎಂದು ಪಕ್ಕದ ಮನೆಯ ಸರೋಜಕ್ಕ ಪಟ್ಟು ಹಿಡಿದಳು. ಅವಳು ಬೆಂಚಿನ ನಟ್ಟನಡುವೆ ಕೂತಿದ್ದಳು. “ನಿಮ್ಮ ಬೆಂಚನ್ನೇ ನೋಡ್ರಿ ಸರೋಜಕ್ಕ” ಎಂದೆ. ಸರೋಜಕ್ಕ ಎದ್ದು ಬೆಂಚನ್ನು ಬಗ್ಗಿ ನೋಡಿ, ತುದಿಗೆ ಹೋಗಿ ಕೂತು, “ಮುಂದೆ ಹೇಳೇ” ಎಂದಳು.

ರಜೆಯೆಲ್ಲ ಹೀಗೇ ನಡೆಯಿತು. ಒಬ್ಬರಿಗೆ ತಿಳಿಸಿ ಹೇಳಬೇಕೆಂದರೆ ನಮಗೆ ಎಷ್ಟು ತಿಳಿದಿಲ್ಲವೆಂದು ಮೊದಲು ಗೊತ್ತಾಗುತ್ತದೆ. ಗೊತ್ತಾದಾಗ ಅತ್ತೆಗೆ ಅದೇ ಸಾಲನ್ನು ಇನ್ನೊಮ್ಮೆ ಹಾಡಲು ಹೇಳುತ್ತಿದ್ದೆ. ಸೂತ್ರಗಳ ಗ್ರೀಕ್ ಅಕ್ಷರಗಳಿಗೆ ಅವಳೇ ಹೆಸರಿಟ್ಟಳು. ಸಿಗ್ಮಾ ಬಾಲದ ಸೊನ್ನೆ. ನಡುವೆ ಅಡ್ಡಗೆರೆ ಇರುವ ಥೀಟಾ ವಿಭೂತಿ ಸೊನ್ನೆ. ಅಧ್ಯಾಯ ಮುಗಿದ ದಿನ ಮಂಗಳಾರತಿ, ಕೊಬ್ಬರಿ ಸಕ್ಕರೆ.

ಪರೀಕ್ಷೆ ಹತ್ತಿರ ಬಂದಾಗ, ಬರೆಯುವವರನ್ನು ಕೊಡುತ್ತಾರಂತೆ, ನನಗೆ ನಾಚಿಕೆ, ಬೇಡವೆಂದಿದ್ದೇನೆ ಎಂದು ಬಾಯಿಬಿಟ್ಟೆ. ಅತ್ತೆ ಓದು ನಿಲ್ಲಿಸಿದಳು.

“ನಂಗೆ ಅರ್ಥ ಹೇಳಕ್ಕೆ ಬರಲ್ಲ. ಇಷ್ಟು ವರ್ಷ ಓದಿದೀನಿ, ಒಂದು ಪದ್ಯಕ್ಕೂ ಬಾಯಿ ಬಿಟ್ಟು ಅರ್ಥ ಹೇಳಿಲ್ಲ. ಮೇಷ್ಟ್ರು ಹೇಳ್ತಾರೆ. ಅದಕ್ಕೆ ಯಾರಾದ್ರೂ ನನ್ನ ನೋಡಿ ನಕ್ಕಿದಾರೇನೆ? ಇಬ್ರು ಸೇರಿದ್ರೇ ಅಲ್ವೇನೆ ಪುರಾಣ ಆಗೋದು?”

ಮಾರನೇ ದಿನವೇ ಮೇಡಂಗೆ ಫೋನು ಮಾಡಿದೆ.

ಬರೆಯಲು ಬಂದವಳು ಕಲಾ ವಿಭಾಗದ ಒಬ್ಬ ಹುಡುಗಿ. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಭರದಲ್ಲಿ “ಇಲ್ಲಿ ವಿಭೂತಿ ಸೊನ್ನೆ ಹಾಕು” ಎಂದುಬಿಟ್ಟೆ. ಪಾಪ, ಆ ಹುಡುಗಿ ದುಂಡಗೆ ಒಂದು ಸೊನ್ನೆ ಬರೆದು ಅದರೊಳಗೆ ಭಕ್ತಿಯಿಂದ ಮೂರು ಗೆರೆ ಎಳೆದಳು. ನಗು ತಡೆದುಕೊಂಡು ತಿದ್ದಿಸುವಷ್ಟರಲ್ಲಿ ನನ್ನ ಭಯವೂ ಹೊರಟುಹೋಗಿತ್ತು. ಪಾಸಾದೆ. ಮುಂದಿನ ಎರಡು ವರ್ಷವೂ ಅತ್ತೆ ಫೋನಿನಲ್ಲಿ ಹಾಡಿದಳು, ನಾನು ಹಾಸ್ಟೆಲಿನ ಗೆಳತಿಯರಿಗೆ ಅರ್ಥ ಹೇಳಿದೆ. ಕೊನೆಗೆ ಒಳ್ಳೆಯ ದರ್ಜೆಯಲ್ಲೇ ಹೊರಬಂದೆ. ಅತ್ತೆಗೆ ನಾನು ಎಷ್ಟು ಋಣಿ ಎಂದು ಅವಳ ಎದುರು ಹೇಳಲು ಹೋದರೆ, “ಸಾಕು, ಕಾಫಿ ಕುಡಿ” ಎನ್ನುತ್ತಾಳೆ. ಅದಕ್ಕೇ ನಿಮ್ಮೆದುರು ಹೇಳುತ್ತಿದ್ದೇನೆ.

ಜೀಪಿನಲ್ಲಿ ನಕ್ಕ ಆ ದಿನ ಸಂಜೆ, ಅತ್ತೆಯನ್ನು ನೋಡಬೇಕೆನ್ನಿಸಿ ಸೀದಾ ಸೊರಬಕ್ಕೆ ಹೋದೆ. ಶ್ರಾವಣ ನಡೆಯುತ್ತಿತ್ತು. ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಕಪ್ಪು ಕನ್ನಡಕ ಹಾಕಿ ಕೂತಿದ್ದಳು, ಓದುವಂತಿಲ್ಲ. ಮೇಷ್ಟರು ಮಗಳ ಊರಿಗೆ ಹೋಗಿದ್ದರು. ಬಂದ ಹೆಂಗಸರು ಪುರಾಣ ನಿಂತೇಹೋಯಿತೆಂದು ಎದ್ದು ಹೊರಡುವುದರಲ್ಲಿದ್ದರು. ಅತ್ತೆ ವ್ಯಾಸಪೀಠವನ್ನು ನನ್ನ ಕಡೆಗೆ ತಳ್ಳಿದಳು.

ಮಂದಿಯೆದುರು ಗಟ್ಟಿಯಾಗಿ ಓದುವುದೆಂದರೆ ನನಗೆ ಈಗಲೂ ಅಳುಕು. ಒಂದು ಪದ್ಯಕ್ಕೆ ಎಷ್ಟು ಹೊತ್ತು ತೆಗೆದುಕೊಂಡೆನೋ ತಿಳಿಯದು. ಓದಿದ ಸಾಲಿಗೇ ಮತ್ತೆ ಹೋದೆ, ಅರ್ಧಕ್ಕೆ ನಿಂತೆ. “ನಿಧಾನಕ್ಕೆ ಓದೇ, ನಮಗೇನು ಬಸ್ಸು ತಪ್ಪಲ್ಲ” ಎಂದಳು ಸರೋಜಕ್ಕ. ಅಂತೂ ಪದ್ಯ ಮುಗಿಯಿತು. ಎಲ್ಲರೂ ಅಭ್ಯಾಸಬಲದಿಂದ ಮೇಷ್ಟರು ಕೂರುವ ಜಾಗ ನೋಡಿದರು. ಅರ್ಥ ಹೇಳುವವರೇ ಇರಲಿಲ್ಲ.

ಗಿರಿಜತ್ತೆ ಸೆರಗು ಸರಿಮಾಡಿಕೊಂಡಳು. ಗಂಟಲು ಸರಿಮಾಡಿಕೊಂಡಳು. “ಅಂದ್ರೆ...” ಎಂದು ಶುರುಮಾಡಿ, ನಿಂತು, ಮತ್ತೆ ಶುರುಮಾಡಿದಳು. ಅವಳು ಹೇಳಿ ಮುಗಿಸುವವರೆಗೂ ನಾನು ಮುಂದಿನ ಪದ್ಯದ ಮೊದಲ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಕಾದೆ.