ಕಿವಿಯಕ್ಕನ ಸಮಾಧಾನ

ನಮ್ಮ ಹೆರಿಗೆ ವಾರ್ಡಿನಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುವುದು. ಹುಟ್ಟಿದ ಮರುದಿನ ಪ್ರತಿ ಮಗುವಿನ ಕಿವಿಗೂ ಪುಟ್ಟ ಬಿರಡೆಯಿಟ್ಟು, ಕೇಳುತ್ತದೋ ಇಲ್ಲವೋ ಎಂದು ಯಂತ್ರದಲ್ಲಿ ನೋಡುವುದು ಅವಳ ಕೆಲಸ. ಮಗು ನಿದ್ದೆಯಲ್ಲಿರಬೇಕು, ಸುತ್ತ ಯಾರೂ ಪಿಟ್ಟೆನ್ನಬಾರದು. ನಾನು ಅಲ್ಲಿನ ನರ್ಸು, ನನಗೇ, "ಚಪ್ಪಲಿ ಬಿಚ್ಚಿಟ್ಟು ಓಡಾಡೇ ತಾಯಿ!" ಎಂದು ಗದರುತ್ತಾಳೆ.

ಮೊದಲ ಸಲ ಎಷ್ಟೋ ಮಕ್ಕಳು ಪಾಸಾಗುವುದಿಲ್ಲ. ಹೆಚ್ಚಿನವರಿಗೆ ಹೆರಿಗೆಯ ನೀರು ಕಿವಿಯಲ್ಲಿ ಉಳಿದಿರುತ್ತದೆ, ಅಷ್ಟೇ. ಬಾಣಂತಿಯ ಮುಖ ಬಾಡಿದರೆ ಕಿವಿಯಕ್ಕನಿಗೆ ತಡೆಯದು. "ನೀರಿರುತ್ತಮ್ಮ, ಹೆದರ್ಬೇಡ. ಹದಿನೈದು ದಿನ ಬಿಟ್ಟು ಬಾ," ಅನ್ನುತ್ತಾಳೆ. ಹೆದರದವರು ಯಾಕೆ ಬರುತ್ತಾರೆ, ನೀವೇ ಹೇಳಿ? ಹಾಗನ್ನಬೇಡ ಎಂದು ಬಾಯಿ ಬಡಿದುಕೊಂಡು ನನಗೂ ಸಾಕಾಗಿದೆ.

ಬಟ್ಟೆ ಹೊಲಿಯುವ ಬಾಣಂತಿಯೊಬ್ಬಳು ಹಾಗೇ ಬರಲಿಲ್ಲ. ಎರಡು ತಿಂಗಳು ದಾಟಿತು. ಫೋನ್ ಸ್ವಿಚ್ ಆಫ್. ಮೂರು ತಿಂಗಳೊಳಗೆ ಗೊತ್ತಾದರೆ ಮಗುವಿಗೆ ಮಾತು ಕಲಿಸಲು ದಾರಿಯಿದೆ, ತಡವಾದಷ್ಟೂ ಕಷ್ಟ. ಕಿವಿಯಕ್ಕನಿಗೆ ಊಟ ಸೇರಲಿಲ್ಲ. ರಜೆಯ ದಿನ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು, ಅವರ ಮನೆಯ ಮೂರು ಮಹಡಿ ಹತ್ತಿದಳು.

ಮಗುವಿನ ಅಜ್ಜಿ ಬಾಗಿಲಲ್ಲೇ ಸಿಡುಕಿದಳು. "ನಮ್ಮ ಮೊಮ್ಮಗಳಿಗೆ ಚೆನ್ನಾಗಿ ಕೇಳುತ್ತೆ ಕಣಮ್ಮ, ಬೇಕಾದ್ರೆ ನೋಡಿ!" ಎಂದು ಒಳಗೆ ಹೋಗಿ, ಮಗು ಮಲಗಿದ್ದ ಮಂಚದ ಮೇಲೆ ತಟ್ಟೆಯಿಂದ ದಡಾರನೆ ಬಡಿದಳು. ಮಂಚ ಅದುರಿತು, ಮಗು ಬೆಚ್ಚಿಬಿತ್ತು. ಕಿವಿಯಕ್ಕ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡಳು.

"ಈಗ ಬಡೀರಿ ಅಜ್ಜಿ."

ಅಜ್ಜಿ ಬಡಿದಳು. ನಾನು ಬೆಚ್ಚಿದೆ, ಮಗು ಕಣ್ಣು ಕೂಡ ಮಿಟುಕಿಸಲಿಲ್ಲ.

ಮಗು ಮಲಗುವವರೆಗೆ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ತಾಯಿ ಒಂದೇ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕೊನೆಗೂ ಬಿರಡೆಯಿಟ್ಟದ್ದಾಯಿತು. ಎಡಗಿವಿ ಪಾಸಾಗಲಿಲ್ಲ. ಬಲಗಿವಿಯೂ ಇಲ್ಲ. ಇನ್ನೊಮ್ಮೆ ನೋಡಿದರೂ ಅಷ್ಟೇ.

"ನೀರಾ ಅಕ್ಕ?" ಎಂದಳು ತಾಯಿ.

ಕಿವಿಯಕ್ಕ ಮಗುವಿನ ಕಿವಿಯಿಂದ ಬಿರಡೆ ತೆಗೆದಳು. "ಇಷ್ಟು ದಿನ ನೀರಿರಲ್ಲಮ್ಮ. ನಾಳೆ ದೊಡ್ಡ ಪರೀಕ್ಷೆ ಮಾಡಿಸ್ಬೇಕು, ನಾನೇ ಜೊತೆಗೆ ಬರ್ತೀನಿ. ಅವತ್ತು ನಿನ್ನ ಸಮಾಧಾನಕ್ಕೆ ಹಾಗಂದೆ. ಖಂಡಿತ ಬರ್ಲೇಬೇಕು ಅಂತ ಹೇಳ್ಬೇಕಿತ್ತು. ತಪ್ಪು ನಂದು."

ತಾಯಿ ಅಲ್ಲವೆಂದು ತಲೆಯಾಡಿಸಿದಳು. "ಫೋನ್ ನಾನೇ ಆಫ್ ಮಾಡಿಟ್ಟಿದ್ದೆ ಅಕ್ಕ. ಆಗ ಹತ್ತು ದಿನದ ಮಗು, ಮಲಗಿತ್ತು. ನನ್ನ ದೊಡ್ಡ ಕತ್ತರಿ ಕೈಜಾರಿ ಪಕ್ಕದಲ್ಲೇ ನೆಲಕ್ಕೆ ಬಿತ್ತು. ಮಗು ಅಲುಗಲೂ ಇಲ್ಲ. ಅವತ್ತೇ ಗೊತ್ತಾಯ್ತು ನಂಗೆ. ನೀವು ನೀರು ಅಂದಿದ್ರಲ್ಲ, ಅದನ್ನೇ ಹಿಡ್ಕೊಂಡು ಕೂತಿದ್ದೆ."